ಎರಡು ಕೊರಳ ನಾಡು

ಸೊಲ್ಲಾಪುರದ ಕಡೆಯಿಂದ ಬರುವ ರೈಲು ಹೊಟಗಿಯನ್ನು ದಾಟಿ, ಭೀಮಾ ನದಿಯ ಸೇತುವೆಯನ್ನು ಹಿಂದಿಕ್ಕಿ ಕನ್ನಡ ನೆಲವನ್ನು ಸೇರಿದಾಗ, ಕಿಟಕಿಯ ಬಳಿ ಕುಳಿತ ಪ್ರವಾಸಿಯ ಕಣ್ಣನ್ನು ತಡೆದು ನಿಲ್ಲಿಸುವಂಥ ದೃಶ್ಯ ಯಾವುದೂ ಎದುರಾಗುವುದಿಲ್ಲ. ಮಲೆನಾಡಿನ ಹಸುರಿಲ್ಲ, ಕರಾವಳಿಯ ನೀರಿಲ್ಲ. ದಿಗಂತದವರೆಗೆ ಹಾಸಿಕೊಂಡ ಎರೆಯ ಭೂಮಿ. ಅಲ್ಲೊಂದು ಬೇವು, ಇಲ್ಲೊಂದು ಜಾಲಿ. ಹಿಂಗಾರಿನ ಕಾಲವಾದರೆ ಎದೆಯೆತ್ತರ ನಿಂತ ಬಿಳಿಜೋಳ. ಇಂಡಿಯ ನಿಲ್ದಾಣ ಬಂದಾಗ ಒಂದಿಷ್ಟು ನಿಂಬೆಯ ತೋಟಗಳು ಕಂಡಾವು. ವಿಜಯಪುರದ ಗೋಳಗುಮ್ಮಟವನ್ನು ನೋಡಲು ಹೊರಟವರು ಈ ಸೀಮೆಯನ್ನು ನಿದ್ದೆಯಲ್ಲೇ ಕಳೆಯುವುದುಂಟು.

ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಈ ನಾಲ್ಕು ತಾಲೂಕುಗಳ ಸೊಬಗು ಕಣ್ಣಿಗಿಂತ ಕಿವಿಗೆ ಸೇರಿದ್ದು. ಕನ್ನಡದ ಮನೆಮನೆಗೂ ಬಂದು ಸೇರಿದ ಎಷ್ಟೋ ಹಾಡುಗಳು ಈ ಕರಿಮಣ್ಣಿನ ಹಳ್ಳಿಗಳಲ್ಲಿ, ನಸುಕಿನ ಕತ್ತಲೆಯಲ್ಲಿ, ಎದುರುಬದುರು ಕುಳಿತ ಇಬ್ಬರು ಹೆಂಗಸರ ಕೊರಳಿನಿಂದ ಹೊರಟವು. ಆ ಹಾಡುಗಳನ್ನು ಮೊದಲ ಬಾರಿಗೆ ಪುಸ್ತಕರೂಪದಲ್ಲಿ ನಾಡಿನ ಮುಂದಿಟ್ಟವರು ಇಂಡಿ ತಾಲೂಕಿನ ಒಂದು ಹಳ್ಳಿಯ ತರುಣರು. ಪುಸ್ತಕದ ಹೆಸರು ‘ಗರತಿಯ ಹಾಡು’. ಅದು ಪ್ರಕಟವಾದದ್ದು 1931ರಲ್ಲಿ.

ಹಲಸಂಗಿಯ ಗೆಳೆಯರು

ಇಂಡಿಯಿಂದ ಚಡಚಣದ ಕಡೆಗೆ ಹೊರಟರೆ ಭೀಮೆಯ ಸೀಮೆಯಲ್ಲಿ ಹಲಸಂಗಿ ಎಂಬ ಊರಿದೆ. ಎತ್ತಿನ ಗಾಡಿಗಳು, ಹಾಳುಬಿದ್ದ ಕಟ್ಟೆಗಳು, ಮಣ್ಣಿನ ಮಾಳಿಗೆಯ ನಡುವೆ ತಲೆಯೆತ್ತಿದ ಸಿಮೆಂಟಿನ ಮನೆಗಳು — ಸುತ್ತಲಿನ ಯಾವ ಊರಿಗಿಂತಲೂ ಇದು ಬೇರೆಯಾಗಿ ಕಾಣುವುದಿಲ್ಲ. ಇಪ್ಪತ್ತನೆಯ ಶತಮಾನದ ಇಪ್ಪತ್ತರ ದಶಕದಲ್ಲಿ ಇಲ್ಲಿ ಒಂದು ಗೆಳೆಯರ ಬಳಗ ಬೆಳೆಯಿತು. ಅದರ ನಡುವೆ ಇದ್ದವರು ಚೆನ್ನಮಲ್ಲಪ್ಪ ಗಲಗಲಿ. ಕನ್ನಡಿಗರು ಅವರನ್ನು ಮಧುರಚೆನ್ನ ಎಂಬ ಹೆಸರಿನಿಂದ ಬಲ್ಲರು (1903–1953). ಚಡಚಣದ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದವರು ಅವರ ಜೊತೆಗೂಡಿದರು. ಧಾರವಾಡದ ಬೇಂದ್ರೆಯವರು ಈ ಬಳಗದ ಆಪ್ತರು.

ಅದೇ ಕಾಲಕ್ಕೆ ವಿಜಯಪುರ ಪಟ್ಟಣದಲ್ಲಿ ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಕೂಡಿಹಾಕಿ ವಚನಗಳನ್ನು ಅಚ್ಚಿಗೆ ತರುತ್ತಿದ್ದರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಕು ಕಂಡಿತು. ಒಂದೇ ಜಿಲ್ಲೆಯಲ್ಲಿ, ಒಂದೇ ದಶಕದಲ್ಲಿ ನಡೆದ ಈ ಎರಡು ಕೆಲಸಗಳನ್ನು ಒಟ್ಟಿಗೆ ನೆನೆಯುವುದು ಉಚಿತ. ಹಳಕಟ್ಟಿಯವರಿಗೆ ಬೇಕಾದದ್ದು ಗರಿಗಳಲ್ಲಾದರೂ ಬರೆದಿತ್ತು. ಹಲಸಂಗಿಯ ತರುಣರಿಗೆ ಬೇಕಾದದ್ದು ಎಲ್ಲಿಯೂ ಬರೆದಿರಲಿಲ್ಲ. ಅದು ಹೆಣ್ಣುಮಕ್ಕಳ ನೆನಪಿನಲ್ಲಿತ್ತು. ಬೆಳಕು ಹರಿಯುವ ಮುನ್ನ ಹೊರಟು, ಹರಿದ ಮೇಲೆ ಅಡಗಿಬಿಡುತ್ತಿತ್ತು.

ಪರಊರಿನ ಗಂಡಸು ಬಂದು ಹಾಡಿರೆಂದರೆ ಹಾಡುವ ಸಂಪ್ರದಾಯ ಆ ಹೆಂಗಸರಿಗಿರಲಿಲ್ಲ. ಹೊರಗಿನಿಂದ ಬಂದ ವಿದ್ವಾಂಸರಿಗೆ ಸುಲಭವಾಗಿ ದೊರೆತದ್ದು ಬಯಲಿನಲ್ಲಿ ಹಾಡುವ ಗಂಡಸರ ಲಾವಣಿ. ಜೆ.ಎಫ್. ಫ್ಲೀಟ್ ಎಂಬ ಆಂಗ್ಲ ಅಧಿಕಾರಿ 1885ರ ಹೊತ್ತಿಗಾಗಲೇ ಈ ಭಾಗದ ಲಾವಣಿಗಳನ್ನು ಸಂಗ್ರಹಿಸಿ ಪ್ರಕಟಿಸತೊಡಗಿದ್ದ. ಒಳಮನೆಯ ಬೀಸುಕಲ್ಲಿನ ಬಳಿಗೆ ಹೋಗಬೇಕಾದರೆ ಮಗನಾಗಿರಬೇಕು, ತಮ್ಮನಾಗಿರಬೇಕು, ಓಣಿಯ ಹುಡುಗನಾಗಿರಬೇಕು. ಹಲಸಂಗಿಯ ಗೆಳೆಯರಿಗೆ ಆ ಹಕ್ಕು ಹುಟ್ಟಿನಿಂದಲೇ ಇತ್ತು.

ಕಲ್ಲಿನ ಇಕ್ಕೆಲದಲ್ಲಿ

ಪಟ್ಟಣದ ಮಕ್ಕಳು ಬೀಸುಕಲ್ಲನ್ನು ಕಂಡಿರುವುದು ವಿರಳ. ಎರಡು ದುಂಡುಗಲ್ಲುಗಳು, ಕೆಳಗಿನದು ನೆಲಕ್ಕೆ ಕೂತಿರುತ್ತದೆ, ಮೇಲಿನದು ನಡುವಿನ ಗೂಟದ ಸುತ್ತ ತಿರುಗುತ್ತದೆ. ಮೇಲ್ಗಲ್ಲಿನ ಅಂಚಿಗೆ ನಿಂತ ಮರದ ಹಿಡಿಯನ್ನು ಇಬ್ಬರೂ ಹಿಡಿಯುತ್ತಾರೆ. ಒಬ್ಬಳು ತನ್ನ ಕಡೆಗೆ ಎಳೆದುಕೊಂಡಾಗ ಇನ್ನೊಬ್ಬಳು ಸಡಿಲಿಸಬೇಕು. ಅವಳು ಎಳೆದಾಗ ಇವಳು ಸಡಿಲಿಸಬೇಕು. ಬಿಡುವಾದ ಕೈ ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಸುರಿಯುತ್ತದೆ. ಕೈಗಳ ಲಯ ತಪ್ಪಿದರೆ ಕಲ್ಲು ಜಗ್ಗುತ್ತದೆ, ಹಿಟ್ಟು ಒರಟಾಗುತ್ತದೆ, ತೋಳು ಬೇಗ ಸೋಲುತ್ತದೆ. ಲಯವನ್ನು ಹಿಡಿದಿಡುವುದಕ್ಕೆ ಹಾಡು ಬಂತು.

ದಿನವೂ ಬೀಸಲೇಬೇಕಾದ ಕಾರಣವೂ ಉಂಟು. ಜೋಳದ ಹಿಟ್ಟು ಬಹಳ ದಿನ ತಾಳುವುದಿಲ್ಲ. ಹಳಸಿದ ಹಿಟ್ಟು ಜಿಗಿ ಕಳೆದುಕೊಳ್ಳುತ್ತದೆ. ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ತುಂಬಿದ ಮನೆಗೆ ಬೇಕಾದ ಹಿಟ್ಟನ್ನು ಸೊಸೆಯಂದಿರು ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸಬೇಕಾಗಿತ್ತು. ಅತ್ತೆಯ ಕಿವಿ, ಗಂಡನ ಕಣ್ಣು, ಹೊಲದ ದುಡಿಮೆ — ಎಲ್ಲವೂ ಎಚ್ಚರಗೊಳ್ಳುವ ಮುನ್ನಿನ ಆ ಒಂದೆರಡು ತಾಸು ಅವಳದೇ ಆದ ಹೊತ್ತು. ಹಗಲಿನಲ್ಲಿ ಆಡಲಾರದ ಮಾತನ್ನು ಅವಳು ಆಗ ಹಾಡಿದಳು. ಕಲ್ಲಿನ ಮೊರೆತದ ಮರೆಯಲ್ಲಿ ಹಾಡಿದ್ದಕ್ಕೆ ಯಾರೂ ಅವಳನ್ನು ಹೊಣೆಮಾಡುತ್ತಿರಲಿಲ್ಲ.

ಆ ಹಾಡಿನ ಅಚ್ಚು ತ್ರಿಪದಿ. ಮೂರೇ ಸಾಲು, ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ಗಣ, ಕೊನೆಯದಕ್ಕೆ ಮೂರು. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರಲ್ಲಿ ಕೆತ್ತಿದ ಕಪ್ಪೆ ಅರಭಟ್ಟನ ಶಾಸನದಲ್ಲಿಯೂ ಇದೇ ತ್ರಿಪದಿ ಇದೆ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವವರೆಗೆ ಬಾದಾಮಿಯೂ ಈ ವಿಜಯಪುರ ಜಿಲ್ಲೆಗೇ ಸೇರಿತ್ತು. ಸಾವಿರದ ಮುನ್ನೂರು ವರ್ಷಗಳ ಹಿಂದೆ ವೀರನೊಬ್ಬನ ಹೊಗಳಿಕೆಗೆ ಬಳಕೆಯಾದ ಅಳತೆಯಲ್ಲೇ ಅಕ್ಷರವರಿಯದ ಸೊಸೆ ತನ್ನ ತವರನ್ನು ನೆನೆದಳು.

ಓದುವಾಗ ಮೂರು ಸಾಲಾಗಿರುವ ತ್ರಿಪದಿ ಹಾಡುವಾಗ ಮೂರೇ ಆಗಿ ಉಳಿಯುವುದಿಲ್ಲ. ಎರಡನೆಯ ಸಾಲಿನ ಒಂದು ಭಾಗ ಮರುಕಳಿಸುತ್ತದೆ. ಹಾಡು ನಾಲ್ಕು ಸಾಲಿನಷ್ಟು ಉದ್ದವಾಗುತ್ತದೆ. ಒಬ್ಬಳು ಎತ್ತಿದ ಸೊಲ್ಲಿಗೆ ಇನ್ನೊಬ್ಬಳು ದನಿಗೂಡಿಸುವುದಕ್ಕೂ, ಮುಂದಿನ ನುಡಿಯನ್ನು ನೆನೆದುಕೊಳ್ಳುವುದಕ್ಕೂ ಆ ಮರುಕಳಿಕೆಯಲ್ಲಿ ಎಡೆ ದೊರೆಯುತ್ತದೆ. ತವರನ್ನು ಕುರಿತು ಅವಳೊಂದು ನುಡಿ ಹಾಡಿದರೆ ಅಣ್ಣನನ್ನು ಕುರಿತು ಇವಳೊಂದು ನುಡಿ ಸೇರಿಸುತ್ತಾಳೆ. ಕಲ್ಲಿನ ಹಿಡಿಯಂತೆ ಹಾಡೂ ಇಬ್ಬರ ಕೈಯಲ್ಲಿ ತಿರುಗುತ್ತದೆ.

ಸಂಗೀತದಲ್ಲಿ ಇಂಥ ಜೋಡಿಯ ಸವಿಯನ್ನು ಲೋಕದ ಬೇರೆಡೆಯೂ ಜನ ಕಂಡುಕೊಂಡಿದ್ದಾರೆ. ನ್ಯೂಯಾರ್ಕಿನ ‘ಟೆಲಿವಿಷನ್’ ಎಂಬ ರಾಕ್ ತಂಡದಲ್ಲಿ ಟಾಮ್ ವರ್ಲೇನ್, ರಿಚರ್ಡ್ ಲಾಯ್ಡ್ ಎಂಬ ಇಬ್ಬರು ಗಿಟಾರುವಾದಕರಿದ್ದರು. ಒಬ್ಬ ಮುಂದೆ, ಒಬ್ಬ ಹಿಂದೆ ಎಂಬ ಭೇದವನ್ನು ಬಿಟ್ಟು, ಒಬ್ಬನ ಎಳೆಯ ನಡುವೆ ಇನ್ನೊಬ್ಬನ ಎಳೆಯನ್ನು ಹೆಣೆದು ಅವರು ನುಡಿಸುತ್ತಿದ್ದರು. ಚಿಕ್ಕ ಅಂಗಳವೊಂದರಲ್ಲಿ ಕೆಲವು ವರ್ಷ ನುಡಿಸಿ ಹದಗೊಂಡ ಮೇಲೆ, 1977ರಲ್ಲಿ ‘ಮಾರ್ಕೀ ಮೂನ್’ ಎಂಬ ಅವರ ಮೊದಲ ಧ್ವನಿಮುದ್ರಿಕೆ ಹೊರಬಂದಿತು. ರಸಿಕರು ಅದನ್ನು ಇಂದಿಗೂ ಮರೆತಿಲ್ಲ. ಮೊದಲ ಕೃತಿಯೊಂದು ಹೀಗೆ ತುಂಬಿಕೊಂಡು ಬರುವುದರ ಗುಟ್ಟು ಅದರ ಹಿಂದಿನ ಮುದ್ರಣವಿಲ್ಲದ ವರ್ಷಗಳಲ್ಲಿ ಇರುತ್ತದೆ. ‘ಗರತಿಯ ಹಾಡು’ ಗೆಳೆಯರ ಮೊದಲ ಸಂಕಲನ; ಅದರ ಹಿಂದಿದ್ದದ್ದು ಎಷ್ಟು ತಲೆಮಾರುಗಳ ನಸುಕು ಎಂಬುದನ್ನು ಎಣಿಸುವವರಾರು?

ಮೂರು ಸಾಲಿನ ಮನೆ

ಈ ಪುಸ್ತಕವನ್ನು ಮೆಚ್ಚಿದವರು ಅದನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿ ಮುಚ್ಚಿಡುವುದಿಲ್ಲ. ಎಲ್ಲಿ ತೆರೆದರೂ ಒಂದು ಮನೆ ತೆರೆಯುತ್ತದೆ. ನಸುಕಿನಲ್ಲಿ ಎದ್ದವಳು ದೇವರನ್ನೂ ನೆಲವನ್ನೂ ನೆನೆಯುತ್ತಾಳೆ. ತೊಟ್ಟಿಲ ಕೂಸು ಅಳುತ್ತದೆ. ಆ ಅಳುವೂ ಅವಳಿಗೆ ಸಂಪತ್ತು. ಹಬ್ಬ ಸಮೀಪಿಸಿತೆಂದರೆ ಕರೆಯಲು ಬರಬೇಕಾದ ಅಣ್ಣನ ದಾರಿಯನ್ನು ನೋಡುತ್ತಾಳೆ. ಹಡೆದವ್ವನ ನೆನಪು, ಗಂಡನ ಒಲವು, ಅವನ ಮುನಿಸು, ಬಂಜೆಯೆನಿಸಿಕೊಂಡವಳ ನೋವು, ಶ್ರೀಶೈಲದ ಮಲ್ಲಯ್ಯನ ಮೇಲಿನ ಭಕ್ತಿ — ಹೆಣ್ಣಿನ ಬದುಕಿನ ಒಂದೊಂದು ಹೊತ್ತಿಗೂ ಅಲ್ಲಿ ಮೂರು ಸಾಲಿನ ಮನೆಯುಂಟು.

ತ್ರಿಪದಿಯ ಹೆಂಗಸು ತನ್ನ ದುಃಖವನ್ನು ವರ್ಣಿಸುತ್ತ ಕೂಡುವುದಿಲ್ಲ. ಒಂದು ಹೂವು, ಒಂದು ಸೀರೆಯ ಸೆರಗು, ಒಂದು ಹಾದಿ — ಇಷ್ಟನ್ನು ಹೇಳಿ ಮೂರನೆಯ ಚಿಕ್ಕ ಸಾಲಿನಲ್ಲಿ ನಿಂತುಬಿಡುತ್ತಾಳೆ. ಉಳಿದದ್ದು ಕೇಳುವವಳಿಗೆ ಗೊತ್ತು. ಏಕೆಂದರೆ ಕೇಳುವವಳು ಎದುರಿಗೇ ಕುಳಿತು ಅದೇ ಕಲ್ಲನ್ನು ಎಳೆಯುತ್ತಿದ್ದಾಳೆ, ಅವಳೂ ಯಾವುದೋ ಊರಿನಿಂದ ಈ ಮನೆಗೆ ಬಂದವಳೇ. ಹಾಡು ಕಟ್ಟಿದವಳ ಅಂಕಿತ ಈ ತ್ರಿಪದಿಗಳಲ್ಲಿ ಇಲ್ಲ. ಇದು ತನ್ನದೆಂದು ಯಾರೂ ಹೇಳಿಕೊಳ್ಳದ ಕಾರಣ ಯಾರು ಬೇಕಾದರೂ ತನ್ನದೆಂದು ಹಾಡಬಹುದಾಗಿತ್ತು.

ಈ ಸಂಕಲನಕ್ಕೆ ಬಿ.ಎಂ. ಶ್ರೀಕಂಠಯ್ಯನವರ ಮುನ್ನುಡಿ ದೊರೆಯಿತು. ಇಂಗ್ಲಿಷ್ ಕಾವ್ಯವನ್ನು ಆಳವಾಗಿ ಬಲ್ಲ ಮೈಸೂರು ಸೀಮೆಯ ಪ್ರಾಧ್ಯಾಪಕರು ಭೀಮಾತೀರದ ಹೆಂಗಸರ ನುಡಿಯಲ್ಲಿ ಕನ್ನಡ ಕಾವ್ಯದ ಬೇರನ್ನು ಗುರುತಿಸಿದರು. ಕನ್ನಡ ಮಾತನಾಡುವ ಜನ ಆಗ ಮುಂಬಯಿ ಪ್ರಾಂತ, ಮೈಸೂರು, ಹೈದರಾಬಾದು, ಮದರಾಸು ಎಂದು ಹಂಚಿಹೋಗಿದ್ದ ಕಾಲ. ಏಕೀಕರಣಕ್ಕೆ ಇನ್ನೂ 25 ವರ್ಷಗಳಿದ್ದವು. ಆ ದಿನಗಳಲ್ಲಿ ಒಂದು ಮೂಲೆಯ ಹಾಡು ಇನ್ನೊಂದು ಮೂಲೆಯ ಓದುಗನಿಗೆ ತನ್ನ ತಾಯಿಯ ದನಿಯಂತೆ ಕೇಳಿಸಿದ್ದು ಸಣ್ಣ ಸಂಗತಿಯೇನಲ್ಲ. ಗೆಳೆಯರು ಅಲ್ಲಿಗೇ ನಿಲ್ಲಲಿಲ್ಲ. 1933ರಲ್ಲಿ ಲಾವಣಿಗಳ ಸಂಕಲನವಾದ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದವು. ಸಿಂಪಿ ಲಿಂಗಣ್ಣನವರು ದೀರ್ಘಕಾಲ ಈ ಕೆಲಸವನ್ನು ಮುಂದುವರಿಸಿ, 1993ರಲ್ಲಿ ಕೊಪ್ಪಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಸಿಂದಗಿಯ ಇರುಳು

ಬೀಸುಕಲ್ಲಿನ ಜೋಡಿ ಒಳಮನೆಯದು. ಹೊರಬಯಲಿನ ಜೋಡಿಯನ್ನು ಕೇಳಬೇಕಾದರೆ ಪ್ರವಾಸಿ ಇಂಡಿಯಿಂದ ಆಗ್ನೇಯಕ್ಕೆ ಸಿಂದಗಿಯ ದಾರಿ ಹಿಡಿದು, ಸುಗ್ಗಿ ಮುಗಿದ ಮೇಲಿನ ಯಾವುದಾದರೊಂದು ಜಾತ್ರೆಯ ರಾತ್ರಿ ಅಲ್ಲಿ ಉಳಿಯಬೇಕು. ಗುಡಿಯ ಮುಂದಿನ ಬಯಲಿನಲ್ಲಿ ಎರಡು ಮೇಳಗಳು ಎದುರಾಗುತ್ತವೆ. ಒಂದು ಹರದೇಶಿ, ಇನ್ನೊಂದು ನಾಗೇಶಿ. ಹರದೇಶಿಯವರು ಶಿವನ ಪಕ್ಷ. ಗಂಡೇ ಹೆಚ್ಚೆಂದು ವಾದಿಸುವವರು. ನಾಗೇಶಿಯವರು ಶಕ್ತಿಯ ಪಕ್ಷ. ಹೆಣ್ಣೇ ಹೆಚ್ಚೆಂದು ಸಾಧಿಸುವವರು. ತುರಾಯಿ ಹಾಗೂ ಕಲ್ಗಿ ಎಂಬ ಹೆಸರುಗಳಿಂದಲೂ ಈ ಎರಡು ಪಂಥಗಳನ್ನು ಗುರುತಿಸುವುದುಂಟು.

ಡಪ್ಪಿನ ಬಡಿತ, ತುಂತುಣಿಯ ಒಂದೇ ತಂತಿಯ ಮಿಡಿತ, ತಾಳದ ಕಿಣಿ — ವಾದ್ಯಗಳು ಇಷ್ಟೇ. ಮುಂದಾಳು ಒಂದು ನುಡಿ ಹಾಡಿ ಮುಗಿಸುವಷ್ಟರಲ್ಲಿ ಹಿಮ್ಮೇಳದವರು ‘ಜೀ ಜೀ’ ಎಂದು ಎತ್ತಿಕೊಳ್ಳುತ್ತಾರೆ. ಒಂದು ಮೇಳ ಪುರಾಣದಿಂದ ಪ್ರಶ್ನೆಯೊಂದನ್ನು ಎಸೆದು ಕೂಡುತ್ತದೆ; ಇನ್ನೊಂದು ಎದ್ದು ಉತ್ತರ ಹೇಳಿ, ಅದಕ್ಕಿಂತ ಜಟಿಲವಾದ ಪ್ರಶ್ನೆಯನ್ನು ತಿರುಗಿ ಎಸೆಯುತ್ತದೆ. ಕಂಬಳಿ ಹೊದ್ದು ಕುಳಿತ ಜನ ಯಾರ ಮಾತಿಗೆ ಯಾರು ತಡವರಿಸಿದರೆಂಬುದನ್ನು ಎಚ್ಚರದಿಂದ ಗಮನಿಸುತ್ತಾರೆ. ಇರುಳೆಲ್ಲ ನಡೆದ ವಾದ ಬೆಳಗಾಗುವ ಹೊತ್ತಿಗೆ, ಎರಡೂ ಬೇಕು, ಎರಡೂ ಸಮ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಸೋತವರಿಲ್ಲ, ಮುಂದಿನ ಜಾತ್ರೆಗೆ ಪ್ರಶ್ನೆಗಳು ಉಳಿದಿರುತ್ತವೆ.

ಹಲಸಂಗಿಯ ಖಾಜಾಭಾಯಿ ಈ ಲಾವಣಿಯ ಲೋಕದ ಹೆಸರಾಂತ ಕವಿ. ಮುಸಲ್ಮಾನರ ಮನೆಯ ಕವಿ ಕಟ್ಟಿದ ಲಾವಣಿಯನ್ನು ಲಿಂಗಾಯತರ, ಕುರುಬರ, ತಳವಾರರ ಮಕ್ಕಳು ಒಂದೇ ಕಟ್ಟೆಯ ಮೇಲೆ ಕುಳಿತು ಕೇಳಿದರು. ಅದು ಅಲ್ಲಿಯ ಜನಕ್ಕೆ ಸಹಜವಾದ ಸಂಗತಿ. ವಿಶೇಷವೆಂದು ತೋರುವುದು ಹೊರಗಿನಿಂದ ಬಂದವರಿಗೆ ಮಾತ್ರ.

ನೀರಿನಡಿಯ ತವರು

ಸಿಂದಗಿಯಿಂದ ದಕ್ಷಿಣಕ್ಕೆ ತಾಳಿಕೋಟೆಯ ಮೇಲೆ ಮುದ್ದೇಬಿಹಾಳಕ್ಕೆ ಹೋಗುವ ದಾರಿ ಡೋಣಿ ನದಿಯ ಬಯಲನ್ನು ದಾಟುತ್ತದೆ. ಡೋಣಿಯ ನೀರು ಸವುಳು. ಆದರೆ ಅದರ ದಂಡೆಯ ಎರೆ ಜೋಳಕ್ಕೆ ಹೆಸರಾದದ್ದು. 1565ರ ಯುದ್ಧದ ಹೆಸರಿನೊಡನೆ ಶಾಲೆಯ ಪುಸ್ತಕಗಳಲ್ಲಿ ಸೇರಿಹೋದ ತಾಳಿಕೋಟೆ ಇದೇ ನದಿಯ ಬಳಿಯ ಪಟ್ಟಣ. ಮುಂದೆ ಮುದ್ದೇಬಿಹಾಳವನ್ನು ದಾಟಿದರೆ ಕೃಷ್ಣೆ.

ಹಾಡಿಗೆ ಬಂದ ಎರಡು ಆಪತ್ತುಗಳು ಈ ದಾರಿಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಮೊದಲನೆಯದು ಹಿಟ್ಟಿನ ಗಿರಣಿ. ಗಿರಣಿ ಬಂದ ಊರಿನಲ್ಲಿ ಬೀಸುಕಲ್ಲು ಹಿತ್ತಿಲಿಗೆ ಸರಿಯಿತು. ಸವೆದ ಕಲ್ಲಿಗೆ ಉಳಿಯಿಂದ ಕಚ್ಚು ಹಾಕಿಕೊಡಲು ಓಣಿ ಓಣಿ ತಿರುಗುತ್ತಿದ್ದವರಿಗೆ ಕೆಲಸ ತಪ್ಪಿತು. ಇದನ್ನು ಕೇವಲ ನಷ್ಟವೆಂದು ಬರೆಯುವುದು ಅನ್ಯಾಯವಾದೀತು. ದಿನವೂ ನಸುಕಿನಲ್ಲಿ ಎದ್ದು ತೋಳು ಸೋಲುವವರೆಗೆ ಬೀಸಿದವಳನ್ನು ಕೇಳಿದರೆ, ಗಿರಣಿಯನ್ನು ಹರಸದೆ ಇರುವವಳು ಸಿಗಲಾರಳು. ಹಾಡು ಹೋಯಿತೆಂದು ಮರುಗುವವರು ಹೆಚ್ಚಾಗಿ ಬೀಸದವರೇ. ದುಡಿಮೆ ತೊಲಗಿದ್ದು ಒಳ್ಳೆಯದಾಯಿತು. ಆದರೆ ಆ ದುಡಿಮೆಯ ಜೊತೆಗೆ ಇಬ್ಬರು ಹೆಂಗಸರು ಎದುರುಬದುರು ಕುಳಿತು ಮನಸ್ಸು ಬಿಚ್ಚುತ್ತಿದ್ದ ಹೊತ್ತೂ ತೊಲಗಿತು. ಅದಕ್ಕೆ ಬದಲಿಯಾದದ್ದು ಬರಲಿಲ್ಲ.

ಎರಡನೆಯದು ನೀರು. ಕೃಷ್ಣೆಗೆ ನಾರಾಯಣಪುರದಲ್ಲಿ 1982ರಲ್ಲಿ ಅಣೆಕಟ್ಟು ನಿಂತಿತು. ಆಲಮಟ್ಟಿಯ ಅಣೆಕಟ್ಟು 2005ರಲ್ಲಿ ಪೂರ್ಣವಾಯಿತು. ಕಾಲುವೆಯ ನೀರು ಹರಿದ ಕಡೆ ಒಣನೆಲ ತೋಟವಾಯಿತು; ಅದರ ಬೆಲೆಯಾಗಿ ನದಿಯಂಚಿನ ಹಲವು ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ಜನ ಎತ್ತರದ ಪುನರ್ವಸತಿ ಗ್ರಾಮಗಳಿಗೆ ಏರಿದರು. ನೇರವಾದ ಬೀದಿಗಳು, ಅಳೆದು ಕೊಟ್ಟ ನಿವೇಶನಗಳು, ಹೊಸ ಗುಡಿಗಳು — ಊರಿನ ಹೆಸರು ಮಾತ್ರ ಹಳೆಯದು.

ತ್ರಿಪದಿಗಳ ಹೃದಯವೇ ತವರು. ಕೊಟ್ಟ ಮನೆಯಲ್ಲಿ ಎಷ್ಟು ಸುಖವಿದ್ದರೂ ತವರಿನ ದಾರಿಯ ಮರ, ಬಾವಿ, ಬಾಗಿಲು ಅವಳ ಹಾಡಿನಲ್ಲಿ ಬೇರು ಬಿಟ್ಟಿರುತ್ತವೆ. ಈ ಸೀಮೆಯ ಎಷ್ಟೋ ಮುದುಕಿಯರಿಗೆ ಆ ಮರ, ಆ ಬಾವಿ, ಆ ಬಾಗಿಲು ಇಂದು ನೀರಿನ ಅಡಿಯಲ್ಲಿವೆ. ಹಿನ್ನೀರಿನ ದಂಡೆಯಲ್ಲಿ ನಿಂತು ಇಂಥಲ್ಲಿ ತನ್ನ ಊರಿತ್ತೆಂದು ಕೈತೋರುವವಳ ಬಾಯಲ್ಲಿ ತವರಿನ ಹಾಡು ಬಂದರೆ, ಅದರ ಅರ್ಥ 1931ರ ಪುಸ್ತಕ ಕಂಡಿರದ ಆಳಕ್ಕೆ ಇಳಿಯುತ್ತದೆ. ಅಂಥ ಹಾಡು ಹಳೆಯದಾಗಿಯೂ ಹಳೆಯದಲ್ಲ. ಅದನ್ನು ಬರೆದುಕೊಂಡವರು ವಿರಳ.

ಬಾಗೇವಾಡಿಯಲ್ಲಿ

ಮುದ್ದೇಬಿಹಾಳದಿಂದ ವಾಯವ್ಯಕ್ಕೆ ತಿರುಗಿ ಬಂದರೆ ಬಸವನ ಬಾಗೇವಾಡಿ. ಬಸವಣ್ಣನವರ ಜನ್ಮಸ್ಥಳವೆಂದು ನಾಡು ನಂಬಿ ನಡೆದುಕೊಳ್ಳುವ ಊರು. ಬಸವೇಶ್ವರ ಗುಡಿಗೆ ಬರುವ ಭಕ್ತರ ಸಾಲು ಕಡಿಯುವುದಿಲ್ಲ. ದುಡಿಮೆಯನ್ನು ಕಾಯಕವೆಂದು ಕಂಡ ಹನ್ನೆರಡನೆಯ ಶತಮಾನದ ಶರಣರಲ್ಲಿ ಆಡುಮಾತೇ ಅನುಭವದ ಮಾತಾಯಿತು. ಅಕ್ಕಮಹಾದೇವಿಯ ‘ಯೋಗಾಂಗ ತ್ರಿವಿಧಿ’ ರಚಿತವಾದದ್ದು ತ್ರಿಪದಿಯಲ್ಲಿ. ಬೀಸುವವಳ ಹಾಡಿಗೂ ಶರಣರ ಮಾತಿಗೂ ಈ ನೆಲದಲ್ಲಿ ನಂಟು ಇದ್ದೇ ಇದೆ. ಬೀಸುವ ಪದಗಳಲ್ಲಿ ಬಸವಣ್ಣ ಎಂಬ ಹೆಸರು ಒಮ್ಮೆ ಶರಣನದಾಗಿ, ಒಮ್ಮೆ ಮನೆಯ ಎತ್ತಿನದಾಗಿ ಬರುತ್ತದೆ. ಹಾಡುವವಳಿಗೆ ಎರಡರ ನಡುವೆ ದೂರ ಕಾಣಿಸುವುದಿಲ್ಲ.

ಇಲ್ಲಿ ಮದುವೆಯ ಮನೆಯಲ್ಲಿ ಬೀಸುಕಲ್ಲಿಗೆ ಇಂದಿಗೂ ಪೂಜೆಯುಂಟು. ಹಿತ್ತಿಲಿನಿಂದ ಕಲ್ಲನ್ನು ತಂದು ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಅರಿಶಿನ ಕುಂಕುಮ ಏರಿಸುತ್ತಾರೆ. ಮುತ್ತೈದೆಯರು ಹಿಡಿಗೆ ಕೈ ಹಚ್ಚಿ ನಾಲ್ಕು ಸುತ್ತು ತಿರುಗಿಸುತ್ತಾರೆ. ಆಗ ಮೂಲೆಯಲ್ಲಿ ಕುಳಿತ ಹಿರಿಯಳೊಬ್ಬಳನ್ನು ‘ಯಮ್ಮಾ, ಒಂದು ಪದ ಹೇಳು’ ಎಂದು ಕಿರಿಯರು ಒತ್ತಾಯಿಸುವುದುಂಟು. ಅವಳು ಸೊಲ್ಲೆತ್ತುತ್ತಾಳೆ, ಎರಡನೆಯ ಸಾಲು ಮರುಕಳಿಸುವಲ್ಲಿ ಒಂದು ಕ್ಷಣ ನಿಲ್ಲುತ್ತಾಳೆ. ಜೊತೆಯ ದನಿ ಸೇರಬೇಕಾದ ಜಾಗ ಅದು. ಅವಳ ವಾರಿಗೆಯವಳು ಯಾರಾದರೂ ಇದ್ದರೆ ಹಾಡು ಸಾಗುತ್ತದೆ. ಇಲ್ಲದಿದ್ದರೆ ನಕ್ಕು, ಮರೆತಿದೆ ಎಂದು ಸುಮ್ಮನಾಗುತ್ತಾಳೆ.

ಪುಸ್ತಕವು ಕಾಯ್ದುಕೊಟ್ಟದ್ದೇನು, ಕಾಯಲಾರದೆ ಹೋದದ್ದೇನು ಎಂಬುದು ಆ ಒಂದು ಕ್ಷಣದಲ್ಲಿ ತಿಳಿಯುತ್ತದೆ. ಮಾತು ಅಚ್ಚಿನಲ್ಲಿ ಉಳಿಯಿತು. ಎರಡನೆಯ ದನಿ ಅಚ್ಚಿಗೆ ಸಿಕ್ಕಲಿಲ್ಲ. ಹಂಗೇರಿಯ ಸಂಗೀತಗಾರ ಬೇಲಾ ಬಾರ್ಟೋಕ್ 1906ರಲ್ಲಿಯೇ ಫೋನೋಗ್ರಾಫ್ ಯಂತ್ರವನ್ನು ಹೊತ್ತು ಹಳ್ಳಿಗಳನ್ನು ಸುತ್ತಿದ. ಭೀಮೆಯ ಆಚೆಯ ಮಹಾರಾಷ್ಟ್ರದಲ್ಲಿ ಬೀಸುವಾಗ ಹಾಡುವ ಓವಿಗಳನ್ನು ಹೇಮಾ ರಾಯಿರ್ಕರ್, ಗೀ ಪ್ವಾತ್ವಾಂ ಎಂಬಿಬ್ಬರು ಸಹೋದ್ಯೋಗಿಗಳೊಡನೆ ವರ್ಷಾನುಗಟ್ಟಲೆ ಸಂಗ್ರಹಿಸಿದರು. ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಓವಿಗಳು ಬರವಣಿಗೆಗೆ ಬಂದವು; ಅನೇಕ ಹಾಡುಗಳು ಹಾಡಿದವರ ದನಿಯಲ್ಲೇ, ಅವರ ಹೆಸರು ಹಾಗೂ ಊರಿನೊಡನೆ, 2017ರಿಂದ ಜನರಿಗೆ ಕೇಳಸಿಗುತ್ತಿವೆ. ನದಿಯ ಆ ದಂಡೆಯಲ್ಲಿ ಆದದ್ದು ಈ ದಂಡೆಯಲ್ಲಿಯೂ ಆಗಬಾರದೆಂದೇನೂ ಇಲ್ಲ.

ಹಲಸಂಗಿಯ ತರುಣರಿಗೆ ವಿಶ್ವವಿದ್ಯಾಲಯದ ಬೆಂಬಲವಿರಲಿಲ್ಲ, ಸರಕಾರದ ಅನುದಾನವಿರಲಿಲ್ಲ. ಇದ್ದದ್ದು ಕಿವಿ, ಕಾಗದ, ಮನೆಯವರ ವಿಶ್ವಾಸ. ಇಂದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನೆಲೆಸಿದ ಕುಟುಂಬಗಳಲ್ಲಿ ದನಿಯನ್ನು ಹಿಡಿದಿಡುವ ಯಂತ್ರ ಪ್ರತಿಯೊಬ್ಬರ ಅಂಗಿಯ ಕಿಸೆಯಲ್ಲಿದೆ. ಬೇಸಗೆಯ ರಜೆಗೆ ಮಕ್ಕಳನ್ನು ಊರಿಗೆ ಕರೆದೊಯ್ಯುವವರು ಗೋಳಗುಮ್ಮಟವನ್ನು ತೋರಿಸಲಿ, ಆಲಮಟ್ಟಿಯ ಉದ್ಯಾನವನ್ನೂ ತೋರಿಸಲಿ. ಒಂದು ಮಧ್ಯಾಹ್ನವನ್ನು ಮಾತ್ರ ಮನೆಯ ಅಜ್ಜಿಗಾಗಿ ಬಿಡಲಿ. ಸಾಧ್ಯವಾದರೆ ಅವಳ ವಾರಿಗೆಯವಳನ್ನೂ ಓಣಿಯಿಂದ ಕರೆಸಿ ಎದುರಿಗೆ ಕೂಡಿಸಲಿ. ಒಬ್ಬಳೇ ಇದ್ದಾಗ ಬಾರದ ಹಾಡು ಇಬ್ಬರಿದ್ದಾಗ ಬರುತ್ತದೆ.